ಫ್ಯೂಸ್ ಎಲ್ಲಿರಬೇಕು? ದೋಣಿಯ ಬ್ಯಾಟರಿ, ಡೌನ್‌ರಿಗ್ಗರ್ ಮತ್ತು ನಮ್ಮ ಮಾವನ ವಿಂಚ್

(ಹೈದರಾಬಾದ್‌ನ ಗಚ್ಚಿಬೌಲಿಯಲ್ಲಿ ಶನಿವಾರ ಸಂಜೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇವೆ.)

ಹೋದ ಸಲ ಮ್ಯೂಚುವಲ್ ಫಂಡ್, ಅದರ ಹಿಂದಿನ ಸಲ ಎಚ್1ಬಿ. ಈ ಸಲ ದೋಣಿ. ಹೆಸರು ನೋಡಿ ಕೆಲವರು ನಕ್ಕಿದ್ದು ನನಗೂ ಗೊತ್ತು. ಕೊಂಡಾಪುರದ ಮೂರನೇ ಮಹಡಿಯಲ್ಲಿ ಕೂತವನಿಗೆ ದೋಣಿ ವೈರಿಂಗ್ ಯಾಕೆ ಅಂತ. ಇಲ್ಲಿ ಕುಂದಾಪುರ, ಉಡುಪಿ, ಕುಮಟಾ, ಕಾರವಾರ ಕಡೆಯವರು ಎಷ್ಟು ಜನ ಇದ್ದೀರಿ, ಕೈ ಎತ್ತಿ. ಹಾಂ, ಆರು ಏಳು ಜನ. ಉಳಿದವರ ಮನೆಯಲ್ಲೂ ಇನ್ವರ್ಟರ್ ಬ್ಯಾಟರಿ ಇದ್ದೇ ಇರುತ್ತೆ. ಅಷ್ಟು ಸಾಕು.

ನನ್ನ ಪರಿಚಯ ಒಂದೇ ಸಾಲಿನಲ್ಲಿ ಮುಗಿಸ್ತೀನಿ. ಎಂಟೆಕ್ ಮಾಡಿದ್ದು ಪವರ್ ಎಲೆಕ್ಟ್ರಾನಿಕ್ಸ್‌ನಲ್ಲಿ, ಹೊಟ್ಟೆಪಾಡು ಜಾವಾದಲ್ಲಿ. ಹಾಗಾಗಿ ಮನೆಯವರಿಗೆ ನಾನು ಇವತ್ತಿಗೂ ಕರೆಂಟಿನವನೇ.

ಈ ವರ್ಷ ಎರಡು ಕಡೆಯಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬಂತು. ಒಂದು ಸಿಯಾಟಲ್‌ನಿಂದ. ಇಲ್ಲೇ ಮಾಧಾಪುರದಲ್ಲಿ ನನ್ನ ಪಕ್ಕದ ಸೀಟಿನಲ್ಲಿದ್ದ ಸ್ನೇಹಿತ, ಈಗ ಅಲ್ಲಿದ್ದಾನೆ. ಪ್ಯೂಜೆಟ್ ಸೌಂಡ್‌ನಲ್ಲಿ ಸಾಲ್ಮನ್ ಹಿಡಿಯುವ ಹುಚ್ಚು ಹತ್ತಿಸಿಕೊಂಡು ಹಳೇ ಬೋಟ್ ಒಂದನ್ನ ತಗೊಂಡ. ಅದಕ್ಕೆ ಎರಡು ಎಲೆಕ್ಟ್ರಿಕ್ ಡೌನ್‌ರಿಗ್ಗರ್ ಕೂರಿಸಬೇಕು. ಇನ್ನೊಂದು ಪ್ರಶ್ನೆ ಗಂಗೊಳ್ಳಿಯಿಂದ, ನಮ್ಮ ಮಾವನದು. ಅವರದು ಅಂಜಲ್ ಬಲೆಯ ಸಣ್ಣ ದೋಣಿ. ವಯಸ್ಸು ಐವತ್ತೆಂಟು, ಬಲಗೈ ಭುಜ ಎತ್ತಲಿಕ್ಕೆ ಆಗಲ್ಲ. "ಆನ್‌ಲೈನಲ್ಲಿ 12 ವೋಲ್ಟಿನ ವಿಂಚ್ ಸಿಗ್ತ್ ಅಂಬ್ರ್, ಒಂದ್ ತರ್ಸಿ ಕೊಡು" ಅಂದ್ರು.

ಡೌನ್‌ರಿಗ್ಗರ್ ಅಂದ್ರೆ ಏನು ಅಂತ ಮೊದಲು ಹೇಳ್ತೀನಿ, ನಮ್ಮ ಕರಾವಳಿಯಲ್ಲಿ ಅದರ ಬಳಕೆ ಕಾಣೋದಿಲ್ಲ. ಸಾಲ್ಮನ್ ತಣ್ಣೀರಿನ ಮೀನು. ಬೇಸಿಗೆಯಲ್ಲಿ ನೂರು ಅಡಿ ಆಳಕ್ಕೂ ಇಳಿದಿರುತ್ತೆ. ಬರೀ ಗಾಳದ ದಾರ ಬಿಟ್ಟು ದೋಣಿ ಓಡಿಸಿದ್ರೆ ದಾರ ಮೇಲಕ್ಕೆ ತೇಲಿ ಬರುತ್ತೆ. ಅದಕ್ಕೆ ದೋಣಿಯ ಹಿಂಭಾಗದಲ್ಲಿ ಒಂದು ಸಣ್ಣ ರಾಟೆ, ಅದರಲ್ಲಿ ಉಕ್ಕಿನ ತಂತಿ, ತಂತಿಯ ತುದಿಯಲ್ಲಿ ಹತ್ತು ಪೌಂಡಿನ, ಅಂದ್ರೆ ಸುಮಾರು ನಾಲ್ಕೂವರೆ ಕೆಜಿ ಸೀಸದ ಗುಂಡು. ಗಾಳದ ದಾರವನ್ನ ಗುಂಡಿನ ಹತ್ತಿರ ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಕೆಳಗೆ ಬಿಡ್ತಾರೆ. ಮೀನು ಕಚ್ಚಿದ ತಕ್ಷಣ ದಾರ ಕ್ಲಿಪ್ಪಿಂದ ಬಿಡಿಸಿಕೊಳ್ಳುತ್ತೆ. ಆಮೇಲೆ ಗುಂಡನ್ನ ಬೇಗ ಮೇಲಕ್ಕೆ ಎಳೀಬೇಕು, ಇಲ್ಲದಿದ್ರೆ ಮೀನು ದಾರವನ್ನ ಅದಕ್ಕೇ ಸುತ್ತಿಬಿಡುತ್ತೆ. ಆ ಎಳೆಯೋ ಕೆಲಸಕ್ಕೆ ಮೋಟರು. 1966ರಲ್ಲಿ ಮಿಷಿಗನ್ ಸರೋವರಕ್ಕೆ ಸೇರುವ ಹೊಳೆಗಳಲ್ಲಿ ಕೊಹೊ ಸಾಲ್ಮನ್ ಮರಿಗಳನ್ನ ಬಿಟ್ಟ ಮೇಲೆ ಅಲ್ಲಿ ಈ ಸಾಮಾನು ಜನಪ್ರಿಯ ಆಯ್ತು. ಈಗ ಕ್ಯಾನನ್, ಸ್ಕಾಟಿ ಅಂತ ಕಂಪನಿಗಳು ಮಾಡ್ತವೆ. ಈ ಕ್ಯಾನನ್‌ಗೂ ಕ್ಯಾಮೆರಾಕ್ಕೂ ಸಂಬಂಧ ಇಲ್ಲ.

ಸ್ನೇಹಿತನ ಯೋಜನೆ ಹೀಗಿತ್ತು. ತೂಕ ಸಮ ಮಾಡಲಿಕ್ಕೆ ಬ್ಯಾಟರಿ ದೋಣಿಯ ಮುಂಭಾಗದಲ್ಲಿದೆ. ಅಲ್ಲಿಂದ ಹಿಂದಕ್ಕೆ ಐದು ಮೀಟರ್ ವೈರ್. ಡೌನ್‌ರಿಗ್ಗರ್ ಪಕ್ಕದಲ್ಲಿ, ಕೈಗೆ ಸಿಗೋ ಹಾಗೆ, ಒಂದು 30 ಆಂಪ್ ಫ್ಯೂಸ್. "ಮೋಟರ್ ಸುಟ್ಟು ಹೋಗಬಾರದಲ್ಲ ಮಾರಾಯ, ಅದಕ್ಕೆ ಮೋಟರ್ ಪಕ್ಕ ಫ್ಯೂಸ್" ಅಂದ. ಇವತ್ತು ನಾನು ಇಷ್ಟು ಹೊತ್ತು ಮಾತಾಡೋದು ಈ ಒಂದು ವಾಕ್ಯದ ಬಗ್ಗೆ.

ಫ್ಯೂಸ್ ಇರೋದು ಮೋಟರ್ ಉಳಿಸಲಿಕ್ಕೆ ಅಲ್ಲ. ವೈರ್ ಉಳಿಸಲಿಕ್ಕೆ. ವೈರ್ ಉಳಿದ್ರೆ ದೋಣಿ ಉಳಿಯುತ್ತೆ.

ಹೇಗೆ ಅಂತ ನೋಡೋಣ. ಬ್ಯಾಟರಿಯಿಂದ ಹಿಂದಕ್ಕೆ ಹೋಗೋ ಪ್ಲಸ್ ಮತ್ತು ಮೈನಸ್ ವೈರ್ ನೆಲಹಲಗೆಯ ಕೆಳಗೆ ಓಡ್ತವೆ. ದೋಣಿ ದಿನವಿಡೀ ಅಲುಗುತ್ತೆ. ಯಾವುದೋ ಸ್ಕ್ರೂ ತುದಿಗೆ, ಫೈಬರಿನ ಹರಿತ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಪ್ಲಾಸ್ಟಿಕ್ ಸವೆಯುತ್ತೆ. ಒಂದು ದಿನ ಪ್ಲಸ್ಸೂ ಮೈನಸ್ಸೂ ಮುಟ್ಟಿಕೊಳ್ತವೆ. ಬ್ಯಾಟರಿಯಿಂದ ಮೂರು ಮೀಟರ್ ದೂರದಲ್ಲಿ ಅಂತ ಇಟ್ಕೊಳ್ಳಿ. ಕರೆಂಟು ಬ್ಯಾಟರಿಯಿಂದ ಹೊರಟು, ಮುಟ್ಟಿದ ಜಾಗದಲ್ಲೇ ತಿರುಗಿ ಬ್ಯಾಟರಿಗೆ ವಾಪಸ್. ಐದನೇ ಮೀಟರಿನಲ್ಲಿ ಕೂತ ಫ್ಯೂಸಿಗೆ ಇದರ ಸುದ್ದಿಯೇ ಇಲ್ಲ. ಅದರೊಳಗೆ ಒಂದು ಆಂಪೂ ಹಾಯಲಿಲ್ಲ. ಅದು ಹೊಸದರ ಹಾಗೆ ಹೊಳೀತಾ ಇರುತ್ತೆ, ದೋಣಿ ಉರೀತಾ ಇರುತ್ತೆ.

ಎಷ್ಟು ಕರೆಂಟು ಹರಿಯುತ್ತೆ? ನಾವು ಎಂಜಿನಿಯರುಗಳು, ಲೆಕ್ಕ ಮಾಡೋಣ. ಅಂಗಡಿಯವನು ಕೊಡೋ 2.5 ಸ್ಕ್ವೇರ್ ಎಂಎಂ ವೈರ್. ಹೋಗೋದು ಮೂರು, ಬರೋದು ಮೂರು, ಒಟ್ಟು ಆರು ಮೀಟರ್ ತಾಮ್ರ. ಅದರ ರೆಸಿಸ್ಟೆನ್ಸ್ 0.041 ಓಮ್ ಆಸುಪಾಸು. ಒಳ್ಳೇ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ 0.005 ಅಂತ ಹಿಡಿಯಿರಿ. 12.6 ವೋಲ್ಟನ್ನ ಇವೆರಡರ ಮೊತ್ತದಿಂದ ಭಾಗಿಸಿದ್ರೆ ಸುಮಾರು 270 ಆಂಪ್. ವೈರಿನಲ್ಲಿ ಹುಟ್ಟೋ ಶಾಖ 3 ಕಿಲೋವ್ಯಾಟ್. ಬಕೆಟ್ಟಿನಲ್ಲಿ ನೀರು ಕಾಯಿಸೋ 1 ಕಿಲೋವ್ಯಾಟ್ ಹೀಟಿಂಗ್ ರಾಡ್ ಇದೆಯಲ್ಲ, ಅಂಥ ಮೂರು ರಾಡುಗಳನ್ನ ಒಣಗಿದ ಹಲಗೆಯ ಕೆಳಗೆ ಇಟ್ಟು ಸ್ವಿಚ್ ಹಾಕಿದ ಹಾಗೆ. ಆ ಆರು ಮೀಟರ್ ತಾಮ್ರದ ತೂಕ ನೂರಮೂವತ್ತು ಗ್ರಾಂ ಚಿಲ್ಲರೆ. ಶುರುವಿನಲ್ಲಿ ಅದರ ಉಷ್ಣತೆ ಸೆಕೆಂಡಿಗೆ 50 ಡಿಗ್ರಿಗೂ ಹೆಚ್ಚು ಏರುತ್ತೆ. ಮಾಮೂಲಿ ಪಿವಿಸಿ ವೈರಿನ ಸಹನೆ 70 ಡಿಗ್ರಿ. ನೀವು "ಏನೋ ವಾಸನೆ ಬರ್ತಿದೆ" ಅನ್ನೋಷ್ಟರಲ್ಲಿ ಮುಗಿದಿರುತ್ತೆ.

ನಮ್ಮ ಮಾವ ಹೇಳಿದ್ದೂ ಇದನ್ನೇ ಉಲ್ಟಾ: "12 ವೋಲ್ಟ್ ಅಲ್ದಾ ಮಾರಾಯಾ, ಅದ್ರಲ್ಲಿ ಎಂತ ಆತ್ತ್?" ಶಾಕ್ ಹೊಡೆಯಲ್ಲ, ನಿಜ. ಮನೆಯ 230 ವೋಲ್ಟಿಗೆ ಹೆದರುವ ನಾವು 12 ವೋಲ್ಟನ್ನ ಆಟಿಕೆ ಅಂದುಕೊಳ್ತೀವಿ. ಆದ್ರೆ ಮನುಷ್ಯನನ್ನ ಹೊಡೆಯೋದು ವೋಲ್ಟೇಜ್, ದೋಣಿಯನ್ನ ಸುಡೋದು ಆಂಪು. ಬ್ಯಾಟರಿಗೆ ಆಂಪಿನ ಬರ ಇಲ್ಲ. ಎಂಜಿನ್ ಸ್ಟಾರ್ಟ್ ಮಾಡಲಿಕ್ಕೆ ನೂರಾರು ಆಂಪ್ ಕೊಡಬೇಕು ಅಂತಲೇ ಅದನ್ನ ಕಟ್ಟಿರೋದು.

ಹಾಗಾಗಿ ಫ್ಯೂಸಿನ ಜಾಗ ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕ. ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಅಂತ ಒಂದು ಸಂಸ್ಥೆ ಇದೆ, ದೋಣಿಯ ವೈರಿಂಗಿಗೆ ಅವರ ಇ-11 ಅನ್ನೋ ಮಾನದಂಡ ಇದೆ. ಅದರ ಪ್ರಕಾರ ಕರೆಂಟ್ ಹೊರಡುವ ಬಿಂದುವಿನಿಂದ 7 ಇಂಚಿನೊಳಗೆ ಫ್ಯೂಸ್ ಅಥವಾ ಬ್ರೇಕರ್ ಇರಬೇಕು. ನೇರ ಬ್ಯಾಟರಿ ಟರ್ಮಿನಲ್‌ನಿಂದ ಹೊರಟ ವೈರಿಗೆ ಉದ್ದಕ್ಕೂ ಪೈಪಿನ ಹಾಗೆ ಕವಚ ಇದ್ರೆ 72 ಇಂಚಿನವರೆಗೆ ಸಡಿಲ ಕೊಡ್ತಾರೆ. ಎಂಜಿನ್ ಸ್ಟಾರ್ಟರಿನ ದಪ್ಪ ಕೇಬಲಿಗೆ ಮಾತ್ರ ವಿನಾಯಿತಿ. ನಮ್ಮಲ್ಲಿ ಇದನ್ನ ಯಾರೂ ಬಂದು ಅಳೆದು ನೋಡಲ್ಲ. ಅಳೆಯದಿದ್ರೂ ತಾಮ್ರ ಅದೇ ತಾಮ್ರ.

ಒಂದು ಸಣ್ಣ ಅಡ್ಡಮಾತು. ನಾವು ದಿನಾ ಮೈಕ್ರೋಸರ್ವೀಸ್‌ಗಳಲ್ಲಿ ಸರ್ಕ್ಯೂಟ್ ಬ್ರೇಕರ್ ಪ್ಯಾಟರ್ನ್ ಅಂತೀವಿ. ಮೈಕೆಲ್ ನೈಗಾರ್ಡ್ 2007ರ ತಮ್ಮ 'ರಿಲೀಸ್ ಇಟ್' ಪುಸ್ತಕದಲ್ಲಿ ಬರೆದ ಮೇಲೆ ಆ ಮಾತು ನಮ್ಮ ಬಾಯಿಗೆ ಬಂತು. ಅಲ್ಲೂ ಕೇಳಬೇಕಾದ ಪ್ರಶ್ನೆ ಇದೇ: ಇದು ಯಾರನ್ನ ಕಾಪಾಡ್ತಿದೆ, ಯಾವ ತುದಿಯಲ್ಲಿದೆ? ಡಿಸೈನ್ ರಿವ್ಯೂನಲ್ಲಿ ಇದನ್ನ ಕೇಳೋರು ಕಡಿಮೆ. ಇರಲಿ, ಶನಿವಾರ ಆಫೀಸಿನ ಮಾತು ಬೇಡ.

ಈಗ ವೈರಿನ ದಪ್ಪ. ಇಲ್ಲಿ ಎರಡು ಬೇರೆ ಬೇರೆ ಲೆಕ್ಕ ಇವೆ, ಜನ ಒಂದನ್ನ ಮಾಡಿ ಇನ್ನೊಂದನ್ನ ಬಿಡ್ತಾರೆ. ಮೊದಲನೇದು, ಈ ವೈರ್ ಇಷ್ಟು ಆಂಪ್ ಹೊತ್ತರೆ ಬಿಸಿಯಾಗುತ್ತಾ? ಎರಡನೇದು, ದಾರಿಯಲ್ಲಿ ಎಷ್ಟು ವೋಲ್ಟ್ ಸೋರಿ ಹೋಗುತ್ತೆ? ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದ್ರೆ ಯಾರಿಗೂ ಗೊತ್ತಾಗಲ್ಲ. 12ರಲ್ಲಿ ಒಂದು ಹೋದ್ರೆ ಎಂಟು ಪರ್ಸೆಂಟ್ ಹೋಯ್ತು.

ಸ್ನೇಹಿತನ ಮೋಟರ್ ಭಾರ ಎಳೆಯುವಾಗ 20 ಆಂಪ್ ಎಳೆಯುತ್ತೆ ಅಂತ ಹಿಡಿದ್ವಿ. ದೂರ ಐದು ಮೀಟರ್, ಆದ್ರೆ ಲೆಕ್ಕಕ್ಕೆ ಹತ್ತು, ವಾಪಸ್ ಬರೋ ದಾರಿಯೂ ತಾಮ್ರವೇ. ಇದನ್ನ ಮರೆತವರ ಲೆಕ್ಕ ಅರ್ಧಕ್ಕರ್ಧ ತಪ್ಪು. 2.5 ಸ್ಕ್ವೇರ್ ಎಂಎಂ ಹಾಕಿದ್ರೆ ದಾರಿಯಲ್ಲೇ 1.38 ವೋಲ್ಟ್ ಮಾಯ, ಅಂದ್ರೆ ಹನ್ನೊಂದೂವರೆ ಪರ್ಸೆಂಟ್. 6 ಹಾಕಿದ್ರೆ 0.57 ವೋಲ್ಟ್, ಐದು ಪರ್ಸೆಂಟಿನ ಹತ್ತಿರ. 10 ಸ್ಕ್ವೇರ್ ಎಂಎಂ ಹಾಕಿದ್ರೆ 0.34, ಮೂರು ಪರ್ಸೆಂಟಿನೊಳಗೆ. ದೋಣಿಯವರ ರೂಢಿಯಲ್ಲಿ ದಿಕ್ಕಿನ ದೀಪ, ರೇಡಿಯೋ, ನೀರು ಹೊರಹಾಕೋ ಪಂಪ್ ಇಂಥ ಜೀವದ ಸಾಮಾನುಗಳಿಗೆ ಮೂರು ಪರ್ಸೆಂಟ್, ಉಳಿದವಕ್ಕೆ ಹತ್ತು ಪರ್ಸೆಂಟ್ ತನಕ ನಡೆಯುತ್ತೆ. ಡೌನ್‌ರಿಗ್ಗರ್ ಜೀವದ ಸಾಮಾನಲ್ಲ. 6 ಹಾಕು, ದುಡ್ಡಿದ್ರೆ 10 ಹಾಕು, 2.5 ಮಾತ್ರ ಬೇಡ ಅಂದೆ. ಅವನು ಅಮೆರಿಕದ ಸಂಬಳದವನು, 10 ಹಾಕಿದ.

ಎರಡು ಡೌನ್‌ರಿಗ್ಗರಿಗೆ ಎರಡು ಬೇರೆ ಬ್ರೇಕರ್, ಎರಡು ಬೇರೆ ಜೋಡಿ ವೈರ್. ಮೀನು ಕಚ್ಚಿದಾಗ ಎರಡನ್ನೂ ಒಟ್ಟಿಗೆ ಮೇಲೆತ್ತೋದೇ ಹೆಚ್ಚು. ಒಂದರ ಗುಂಡು ತಳದ ಬಂಡೆಗೆ ಸಿಕ್ಕಿಹಾಕಿಕೊಂಡ್ರೆ ಮೋಟರ್ ತಿರುಗಲಾರದೆ ಮುಕ್ಕರಿಯುತ್ತೆ, ಕರೆಂಟು ಕೆಲವು ಪಟ್ಟು ಏರುತ್ತೆ. ಆಗ ಬ್ರೇಕರ್ ಬೀಳಬೇಕು, ಮತ್ತೆ ಕೈಯಲ್ಲಿ ಒತ್ತುವ ತನಕ ಬಿದ್ದೇ ಇರಬೇಕು. ತಣ್ಣಗಾದ ತಕ್ಷಣ ತಾನಾಗಿ ಮತ್ತೆ ಸೇರಿಕೊಳ್ಳೋ ಬ್ರೇಕರ್ ಕೂಡ ಅಗ್ಗಕ್ಕೆ ಸಿಗುತ್ತೆ. ಸಿಕ್ಕಿಹಾಕಿಕೊಂಡ ಮೋಟರಿಗೆ ಅದು ಮತ್ತೆ ಮತ್ತೆ ಹೊಡೆತ ಕೊಡ್ತಾನೇ ಇರುತ್ತೆ. ತಗೋಬೇಡಿ.

ಈಗ ಗಂಗೊಳ್ಳಿಗೆ ಬರೋಣ, ನನಗೆ ಮುಖ್ಯ ಅದೇ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ರಿಪೇರಿ, ಬಣ್ಣ, ವೈರಿಂಗ್ ಎಲ್ಲಾ ಆ ಅರವತ್ತೊಂದು ದಿನದಲ್ಲೇ. ಜುಲೈಯಲ್ಲಿ ನಾನು ಒಂದು ವಾರ ರಜೆ ಹಾಕಿ ಹೋದೆ. ಮಾವನ ದೋಣಿಯ ಬ್ಯಾಟರಿ ಪೆಟ್ಟಿಗೆ ಮುಚ್ಚಳ ತೆಗೆದು ನೋಡಿದ್ರೆ ಪ್ಲಸ್ ಟರ್ಮಿನಲ್ಲಿಗೆ ಆರು ವೈರ್ ಸುತ್ತಿತ್ತು. ಮೀನು ತೋರಿಸೋ ಫೈಂಡರ್, ಜಿಪಿಎಸ್, ವಿಎಚ್‌ಎಫ್ ರೇಡಿಯೋ, ದೀಪ, ಪಂಪು, ಮೊಬೈಲ್ ಚಾರ್ಜರ್. ವರ್ಷಕ್ಕೊಂದು ಸಾಮಾನು ಬಂದ ಹಾಗೆ ವರ್ಷಕ್ಕೊಂದು ವೈರ್. ಯಾರೋ ಒಬ್ಬ ಎಲೆಕ್ಟ್ರಿಷಿಯನ್ ಹಾಕಿ ಹೋಗಿದ್ದು, ಅವನನ್ನ ದೂರಿ ಫಲ ಇಲ್ಲ, ಮನೆ ವೈರಿಂಗ್ ಮಾಡೋನು ಮನೆ ಮಾಡಿದ ಹಾಗೇ ಮಾಡಿದ್ದಾನೆ. ಜೋಡಣೆಗಳೆಲ್ಲ ಕೈಯಲ್ಲಿ ಹೊಸೆದು ಮೇಲೆ ಕಪ್ಪು ಟೇಪ್. ಟೇಪ್ ಬಿಚ್ಚಿದ್ರೆ ಒಳಗೆ ತಾಮ್ರ ಇರಲಿಲ್ಲ, ಹಸಿರು ಪುಡಿ ಇತ್ತು. ಎರಡು ಕಡೆ ಫ್ಯೂಸ್ ಹೋಲ್ಡರ್ ಇತ್ತು, ಎರಡೂ ಸಾಮಾನಿನ ಪಕ್ಕ. ಒಂದರಲ್ಲಿ ಫ್ಯೂಸ್ ಬದಲಿಗೆ ಮಡಚಿದ ತಾಮ್ರದ ಎಳೆ.

ತಾಮ್ರದ ಎಳೆಯ ಬಗ್ಗೆ ಕೇಳಿದಾಗ ಮಾವ ಹೇಳಿದ್ದು ನ್ಯಾಯವಾಗೇ ಇತ್ತು. ರಾತ್ರಿ ಒಂದು ಗಂಟೆ, ಬಲೆ ನೀರಲ್ಲಿದೆ, ಅತ್ತ ಕಡೆಯಿಂದ ದೊಡ್ಡ ಟ್ರಾಲ್ ಬೋಟ್ ಬರ್ತಾ ಇದೆ, ನಮ್ಮ ದೀಪ ಆರಿ ಹೋಯ್ತು. ಆಗ ಕೈಗೆ ಸಿಕ್ಕಿದ್ದು ಹಾಕದೆ ಇನ್ನೇನು ಮಾಡೋದು? ದೀಪ ಇಲ್ಲದೆ ಗುದ್ದಿಸಿಕೊಳ್ಳೋದಕ್ಕಿಂತ ಅದೇ ವಾಸಿ. ಇದಕ್ಕೆ ಸುರಕ್ಷತೆಯ ಉಪದೇಶ ಉತ್ತರ ಅಲ್ಲ. ಉತ್ತರ ಅಂದ್ರೆ ಇಪ್ಪತ್ತು ಬಿಡಿ ಫ್ಯೂಸ್, ಪ್ಲಾಸ್ಟಿಕ್ ಡಬ್ಬಿಯಲ್ಲಿ, ಪೆಟ್ಟಿಗೆಯ ಮುಚ್ಚಳದ ಒಳಗೇ ಅಂಟಿಸಿ. ಬ್ಲೇಡ್ ಫ್ಯೂಸಿಗೆ ಬಣ್ಣ ಇದೆ: 10 ಆಂಪ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. "ಕೆಂಪು ಹೋದ್ರೆ ಕೆಂಪೇ ಹಾಕಿ" ಅಂತ ಹೇಳಿಕೊಟ್ಟೆ. ಆಂಪು ಓದಲಿಕ್ಕೆ ಟಾರ್ಚು ಹುಡುಕೋ ಅಗತ್ಯ ಇಲ್ಲ.

ಬೆಂಕಿ ಅಂದ್ರೆ ಏನು ಅಂತ ಗಂಗೊಳ್ಳಿಗೆ ಯಾರೂ ಹೇಳಿಕೊಡಬೇಕಿಲ್ಲ. 2023ರ ನವೆಂಬರ್‌ನಲ್ಲಿ, ದೀಪಾವಳಿ ಹೊತ್ತಿಗೆ, ಅಲ್ಲಿ ಲಂಗರು ಹಾಕಿದ್ದ ಹಲವು ದೋಣಿಗಳು ಸುಟ್ಟು ಹೋದವು. ಅದೇ ತಿಂಗಳ 19ರ ರಾತ್ರಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲೂ ಸಾಲು ಸಾಲು ದೋಣಿ ಉರಿದವು, ಇಲ್ಲಿ ತೆಲುಗು ಚಾನೆಲ್‌ಗಳಲ್ಲಿ ನೀವೂ ನೋಡಿರಬಹುದು. ಇವು ವೈರಿಂಗ್‌ನಿಂದ ಆದವು ಅಂತ ನಾನು ಹೇಳ್ತಿಲ್ಲ. ಹೇಳ್ತಿರೋದು ಇಷ್ಟೇ: ಫೈಬರ್ ದೋಣಿ ಹೊತ್ತಿಕೊಂಡ್ರೆ ಆರಿಸೋದು ಕಷ್ಟ, ಒಳಗೆ ಇಂಧನ ಇರುತ್ತೆ, ಪಕ್ಕದ ದೋಣಿ ಹಗ್ಗದಲ್ಲಿ ಕಟ್ಟಿಕೊಂಡಿರುತ್ತೆ. ನಮ್ಮ ದೋಣಿಯ ಕಿಡಿ ನಮ್ಮ ದೋಣಿಯಲ್ಲೇ ನಿಲ್ಲೋದಿಲ್ಲ.

ವಿಂಚಿನ ಲೆಕ್ಕ ಡೌನ್‌ರಿಗ್ಗರಿನದೇ, ಆದ್ರೆ ದೊಡ್ಡದು. ಜೀಪಿಗೆ ಹಾಕೋ ಜಾತಿಯ 12 ವೋಲ್ಟ್ ವಿಂಚ್ ಪೂರ್ತಿ ಭಾರಕ್ಕೆ 100 ಆಂಪ್ ದಾಟೋದು ಮಾಮೂಲು. ಮಾವ ಅಷ್ಟು ಎಳೆಯಲ್ಲ, ಆದ್ರೂ ಬಲೆ ಬಂಡೆಗೆ ಸಿಕ್ಕಿದ ದಿನಕ್ಕೆ ಲೆಕ್ಕ ಇಡಬೇಕು. ಹಿಂದಿರುವ ಬ್ಯಾಟರಿಯಿಂದ ವಿಂಚ್ ಕೂರೋ ಜಾಗಕ್ಕೆ ನಾಲ್ಕು ಮೀಟರ್. ಹೋಗಿ ಬಂದು ಎಂಟು. 25 ಸ್ಕ್ವೇರ್ ಎಂಎಂ ಕೇಬಲ್ ಹಾಕಿದ್ರೂ 0.55 ವೋಲ್ಟ್ ಸೋರುತ್ತೆ, ತಾಮ್ರದ ದರ ನೋಡಿದ್ರೆ ವಿಂಚಿಗಿಂತ ವೈರೇ ತುಟ್ಟಿ ಅನ್ನಿಸೋ ಹಾಗಿತ್ತು. ಇಲ್ಲಿ ತಲೆ ಓಡಿಸಬೇಕಾದ್ದು ವೈರಿನ ದಪ್ಪದ ಮೇಲಲ್ಲ. ವಿಂಚಿಗೇ ಒಂದು ಬೇರೆ ಬ್ಯಾಟರಿ ಕೊಟ್ಟು ಅದನ್ನ ಒಂದು ಮೀಟರ್ ದೂರದಲ್ಲಿ ಕೂರಿಸಿದ್ವಿ. ಅದೇ 25ರ ಕೇಬಲ್, ಉದ್ದ ಎರಡೇ ಮೀಟರ್, ಸೋರಿಕೆ 0.14 ವೋಲ್ಟ್. ಟರ್ಮಿನಲ್ ಪಕ್ಕದಲ್ಲೇ ಬೋಲ್ಟ್ ಹಾಕಿ ಬಿಗಿಯೋ 125 ಆಂಪ್ ದೊಡ್ಡ ಫ್ಯೂಸ್.

ಬೇರೆ ಬ್ಯಾಟರಿಗೆ ಇನ್ನೊಂದು ಕಾರಣವೂ ಇದೆ, ನನ್ನ ಪ್ರಕಾರ ಅದೇ ದೊಡ್ಡದು. 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಪ್ರಧಾನಿ ಒಂದು ಯೋಜನೆಗೆ ಚಾಲನೆ ಕೊಟ್ಟರು. 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ದೋಣಿಗಳಿಗೆ ಟ್ರಾನ್ಸ್‌ಪಾಂಡರ್, ಸುಮಾರು 360 ಕೋಟಿ ರೂಪಾಯಿ, ಇಸ್ರೋ ತಂತ್ರಜ್ಞಾನ. ಮೊಬೈಲ್ ಸಿಗದ ದೂರದಲ್ಲಿ ಉಪಗ್ರಹದ ಮೂಲಕ ದಡಕ್ಕೆ ಸಂದೇಶ ಹೋಗುತ್ತೆ, ದಡದಿಂದ ಬಿರುಗಾಳಿಯ ಎಚ್ಚರಿಕೆ ಬರುತ್ತೆ. ಒಳ್ಳೇ ಕೆಲಸ. ಆದ್ರೆ ಅಷ್ಟು ದೊಡ್ಡ ವ್ಯವಸ್ಥೆಯ ಕೊನೆಯ ಕೊಂಡಿ ಯಾವುದು? ಟೇಪ್ ಸುತ್ತಿದ ಹಸಿರು ಪುಡಿ. ಬಲೆ ಎಳೆಯಲಿಕ್ಕೆ ಖಾಲಿ ಮಾಡಿದ ಬ್ಯಾಟರಿಯೇ ಎಂಜಿನ್ ಸ್ಟಾರ್ಟ್ ಮಾಡಬೇಕು, ಅದೇ ಬ್ಯಾಟರಿಯೇ ಸಹಾಯಕ್ಕೆ ಕೂಗಬೇಕು ಅಂದ್ರೆ ಆಗುತ್ತಾ? ಉಪಗ್ರಹದ ತನಕ ಯೋಚನೆ ಮಾಡ್ತೀವಿ, ಟರ್ಮಿನಲ್ಲಿನ ತನಕ ಬರೋದಿಲ್ಲ.

ಎಷ್ಟು ಖಾಲಿಯಾಗುತ್ತೆ ಅನ್ನೋ ಲೆಕ್ಕ ಸುಲಭ. 100 ಆಂಪ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ನಮ್ಮದು, ಅದಕ್ಕಿಂತ ಕೆಳಗಿಳಿಸ್ತಾ ಹೋದ್ರೆ ಬ್ಯಾಟರಿ ಆಯಸ್ಸು ಬೇಗ ಮುಗಿಯುತ್ತೆ. ಫೈಂಡರ್ 1 ಆಂಪ್, ದೀಪಗಳು 1 ಆಂಪ್ ಅಂತ ಹಿಡಿದ್ರೆ ಹತ್ತು ಗಂಟೆಗೆ 20. ವಿಎಚ್‌ಎಫ್ ಕೇಳ್ತಾ ಇರುವಾಗ ಅರ್ಧ ಆಂಪ್, ಮಾತಾಡುವಾಗ ಐದಾರು. ಅದೇ ಸ್ನೇಹಿತನ ಡೌನ್‌ರಿಗ್ಗರ್ 20 ಆಂಪ್ ಎಳೆದ್ರೂ ಒಂದು ಸಲಕ್ಕೆ ಒಂದೇ ನಿಮಿಷ. ದಿನಕ್ಕೆ ಮೂವತ್ತು ಸಲ ಎತ್ತಿದ್ರೂ 10 ಆಂಪ್-ಅವರ್. ಸದ್ದಿಲ್ಲದೆ ಉರಿಯೋ ದೀಪ ತಿಂದಷ್ಟೇ! ಮೋಟರಿಗೆ ದಪ್ಪ ವೈರ್ ಬೇಕು, ದೀಪಕ್ಕೆ ದೊಡ್ಡ ಬ್ಯಾಟರಿ ಬೇಕು. ಮಾವನ ಔಟ್‌ಬೋರ್ಡ್ ಎಂಜಿನ್ ಚಾರ್ಜ್ ಮಾಡಲ್ಲ, ಬ್ಯಾಟರಿಯನ್ನ ಮನೆಗೆ ಹೊತ್ತು ತಂದೇ ಚಾರ್ಜಿಗೆ ಹಾಕಬೇಕು. ಅಳೆಯಲಿಕ್ಕೆ ಒಂದು ಮಲ್ಟಿಮೀಟರ್ ಕೊಟ್ಟು ಬಂದೆ. ಸುಮ್ಮನೆ ಬಿಟ್ಟ ಬ್ಯಾಟರಿ 12.6 ತೋರಿಸಿದ್ರೆ ತುಂಬಿದೆ, 12.0 ತೋರಿಸಿದ್ರೆ ಕಾಲುಭಾಗ ಉಳಿದಿದೆ.

ಉಪ್ಪುನೀರಿನ ಬಗ್ಗೆ ಎರಡು ಮಾತು. ತಾಮ್ರಕ್ಕೆ ತವರ ಲೇಪಿಸಿದ ವೈರ್ ಸಿಕ್ಕಿದ್ರೆ ಅದು ಉತ್ತಮ. ಇಲ್ಲಿ ಕೋಠಿಯ ಟ್ರೂಪ್ ಬಜಾರ್‌ನಲ್ಲಿ ಮನೆ ವೈರ್ ಬೇಕಾದಷ್ಟಿದೆ, ನಾನು ಲಗ್ಗು, ಹೀಟ್ ಶ್ರಿಂಕ್ ತಗೊಂಡಿದ್ದು ಅಲ್ಲೇ. ಕ್ರಿಂಪಿಂಗ್ ಟೂಲ್ ರಾಣಿಗಂಜ್‌ನಿಂದ. ತವರದ ವೈರ್ ಮಾತ್ರ ಆನ್‌ಲೈನ್ ತರಿಸಿದ್ದು. ಒಂಟಿ ಗಟ್ಟಿ ತಂತಿಯ ವೈರ್ ದೋಣಿಗೆ ಬೇಡ, ಅಲುಗಿ ಅಲುಗಿ ಮುರಿಯುತ್ತೆ, ಸಣ್ಣ ಎಳೆಗಳ ವೈರ್ ಇರಲಿ. ತುದಿಗೆ ಲಗ್ ಹಾಕಿ ಟೂಲಿನಲ್ಲೇ ಒತ್ತಬೇಕು, ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿದ್ದು ಕ್ರಿಂಪಿಂಗ್ ಅಲ್ಲ. ಬರೀ ಬೆಸುಗೆಯ ಮೇಲೆ ನೆಚ್ಚಿಕೊಂಡ ಜೋಡಣೆಯೂ ಬೇಡ: ಬೆಸುಗೆ ಹೀರಿದ ಎಳೆಗಳು ಗಟ್ಟಿಯಾಗಿ ಅದೇ ಅಂಚಿನಲ್ಲಿ ತುಂಡಾಗ್ತವೆ. ಮೇಲೆ ಒಳಗಡೆ ಅಂಟಿರುವ ಹೀಟ್ ಶ್ರಿಂಕ್. ಕಪ್ಪು ಟೇಪ್ ಬೇಡ, ಅದು ನೀರು ತಡೆಯಲ್ಲ, ಒಳಗೆ ಹೋದ ನೀರನ್ನ ಜೋಪಾನವಾಗಿ ಹಿಡಿದಿಟ್ಟುಕೊಳ್ಳುತ್ತೆ.

ಕಾರಿನಲ್ಲಿ ಮೈನಸ್ ವೈರ್ ಎಳೆಯಲ್ಲ, ಬಾಡಿಗೇ ಕೊಡ್ತಾರೆ. ದೋಣಿಯಲ್ಲಿ ಹಾಗೆ ಮಾಡಬಾರದು, ಲೋಹದ ದೋಣಿಯಲ್ಲಂತೂ ಬೇಡವೇ ಬೇಡ. ಕರೆಂಟು ನೀರಿನ ದಾರಿ ಹಿಡಿದ್ರೆ ಪ್ರೊಪೆಲ್ಲರು, ಹಿತ್ತಾಳೆಯ ಸಾಮಾನು ತಿಂದು ಹಾಕುತ್ತೆ. ಪ್ರತಿ ಸಾಮಾನಿಗೂ ಎರಡು ವೈರ್, ಎರಡೂ ಬ್ಯಾಟರಿ ಕಡೆಗೇ. ಇದರಲ್ಲೊಂದು ತಮಾಷೆ ಇದೆ. ಸಿಯಾಟಲ್ ಕಡೆಯ ಗಾಳದವರು ಡೌನ್‌ರಿಗ್ಗರ್ ತಂತಿಯಲ್ಲಿ ಅರ್ಧ ವೋಲ್ಟ್ ಚಿಲ್ಲರೆ ಇದ್ರೆ ಸಾಲ್ಮನ್ ಹತ್ತಿರ ಬರುತ್ತೆ, ಹೆಚ್ಚಾದ್ರೆ ಓಡುತ್ತೆ ಅಂತ ನಂಬ್ತಾರೆ. ಅದಕ್ಕೇ ಅಂತ ಒಂದು ಡಬ್ಬಿಯನ್ನೂ ಮಾರ್ತಾರೆ. ಮೀನಿನ ಮನಸ್ಸು ನನಗೆ ಗೊತ್ತಿಲ್ಲ. ಆದ್ರೆ ಸ್ನೇಹಿತ ಅದನ್ನ ಅಳೆಯಲಿಕ್ಕೆ ಮೀಟರ್ ಹಿಡಿದಾಗ, ಪಂಪಿನ ಹಳೇ ವೈರಿಂದ ಕರೆಂಟ್ ಸೋರ್ತಿರೋದು ಸಿಕ್ಕಿತು. ಮೀನು ಹಿಡಿದನೋ ಇಲ್ವೋ, ಅದೊಂದು ಲಾಭ.

ಪೆಟ್ಟಿಗೆ. ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತೆ. ಗಾಳಿಯಲ್ಲಿ ಅದು 4 ಪರ್ಸೆಂಟ್ ಸೇರಿದ್ರೆ ಸಾಕು, ಒಂದು ಕಿಡಿಗೆ ಸಿಡಿಯುತ್ತೆ. ಹಗುರ ಅನಿಲ, ಮೇಲಕ್ಕೇರುತ್ತೆ, ಹಾಗಾಗಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ತೂತು ಇರಬೇಕು. ಬ್ಯಾಟರಿ ಅಲುಗದ ಹಾಗೆ ಪಟ್ಟಿ ಕಟ್ಟಬೇಕು, ಪ್ಲಸ್ ಮೇಲೆ ರಬ್ಬರ್ ಟೊಪ್ಪಿ ಇರಬೇಕು, ಪೆಟ್ರೋಲ್ ಕ್ಯಾನ್ ಪಕ್ಕದಲ್ಲಿ ಇರಬಾರದು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಯಾಕಂದ್ರೆ ಎಂಜಿನ್ನಿನ ಮೈಯೆಲ್ಲ ಮೈನಸ್ಸಿಗೆ ಸೇರಿರುತ್ತೆ. ಮೈನಸ್ ಇನ್ನೂ ಇರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಎಂಜಿನ್ನಿಗೆ ತಾಗಿದ್ರೆ ಸ್ಪ್ಯಾನರ್ ಅಲ್ಲೇ ಬೆಸೆದುಕೊಳ್ಳುತ್ತೆ. ಕೈಯ ಉಂಗುರ ತೆಗೆದಿಡಿ.

ಎಲ್ಲದಕ್ಕೂ ಒಂದು ಮೇನ್ ಸ್ವಿಚ್, ದಡಕ್ಕೆ ಬಂದಾಗ ಆರಿಸಿ ಹೋಗಲಿಕ್ಕೆ. ನೀರು ಹೊರಹಾಕೋ ಪಂಪ್ ಮಾತ್ರ ಅದರ ಹಿಡಿತಕ್ಕೆ ಬರಬಾರದು, ತನ್ನದೇ ಫ್ಯೂಸಿನ ಜೊತೆ ನೇರ ಬ್ಯಾಟರಿಗೆ. ಆಟಿ ಮಳೆ ದೋಣಿಯಲ್ಲಿ ತುಂಬೋದು ನಾವು ಮನೆಯಲ್ಲಿ ಮಲಗಿದಾಗ.

ಇಷ್ಟಕ್ಕೆ ಮಾವನ ದೋಣಿಯಲ್ಲಿ ನನಗೆ ಮೂರು ದಿನ ಹಿಡಿಯಿತು. ಮುಗಿದ ಮೇಲೆ ಸುಮ್ಮನೆ ನಂಬಿ ಬಿಡಬಾರದು. ವಿಂಚಿಗೆ ಭಾರ ಕೊಟ್ಟು, ಎಳೀತಾ ಇರುವಾಗಲೇ ಬ್ಯಾಟರಿ ಟರ್ಮಿನಲ್ಲಿನಲ್ಲಿ ಒಂದು ಸಲ, ವಿಂಚಿನ ತುದಿಯಲ್ಲಿ ಒಂದು ಸಲ ವೋಲ್ಟ್ ನೋಡಿ. ವ್ಯತ್ಯಾಸ ಲೆಕ್ಕಕ್ಕಿಂತ ಜಾಸ್ತಿ ಇದ್ರೆ ಯಾವುದೋ ಒಂದು ಜೋಡಣೆ ಸಡಿಲ ಇದೆ. ಐದು ನಿಮಿಷ ಓಡಿಸಿ ಪ್ರತಿ ಲಗ್ಗನ್ನೂ ಕೈಯಲ್ಲಿ ಮುಟ್ಟಿ. ಬಿಸಿ ಇರುವ ಲಗ್ಗೇ ಕಳ್ಳ.

ಪ್ರಶ್ನೆಗಳಿದ್ರೆ ಕೇಳಿ.

ಪ್ರಶ್ನೆ: ಮನೆಯ ಎಂಸಿಬಿಯನ್ನೇ ದೋಣಿಗೆ ಹಾಕಬಹುದಾ? ಅಗ್ಗ ಅಲ್ವಾ?

ಬೇಡ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತೆ. ಸ್ವಿಚ್ ಬಿಚ್ಚುವಾಗ ಹುಟ್ಟೋ ಕಿಡಿ ಆ ಸೊನ್ನೆಯಲ್ಲಿ ತಾನಾಗಿ ಆರುತ್ತೆ. ಬ್ಯಾಟರಿಯ ಡಿಸಿಗೆ ಸೊನ್ನೆ ಅನ್ನೋದೇ ಇಲ್ಲ, ಕಿಡಿ ಎಳೆದುಕೊಂಡೇ ಇರುತ್ತೆ. 12 ವೋಲ್ಟಿನಲ್ಲಿ ಕಾಟ ಕಡಿಮೆ, 24, 48ಕ್ಕೆ ಹೋದ ಹಾಗೆ ಜಾಸ್ತಿ. ಡಿಸಿ ಎಂದೇ ಬರೆದಿರುವ ಎಂಸಿಬಿ ಈಗ ಸೋಲಾರ್ ಅಂಗಡಿಗಳಲ್ಲಿ ಸಿಗುತ್ತೆ. ಪೆಟ್ಟಿಗೆಯೊಳಗೆ ಉಪ್ಪುಗಾಳಿ ಹೋಗದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಲಿಥಿಯಂ ಹಾಕಿದ್ರೆ ಮಾವನಿಗೆ ಹೊರೋದು ಹಗುರ ಆಗಲ್ವಾ?

ಆಗುತ್ತೆ, ತೂಕ ಅರ್ಧಕ್ಕಿಂತ ಕಡಿಮೆ. ನನಗೂ ಆಸೆ ಇದೆ. ಆದ್ರೆ ಅದರ ಒಳಗಿನ ರೆಸಿಸ್ಟೆನ್ಸ್ ಇನ್ನೂ ಕಡಿಮೆ, ಶಾರ್ಟ್ ಆದ್ರೆ ಕರೆಂಟು ಇನ್ನೂ ಜಾಸ್ತಿ. ಫ್ಯೂಸಿಗೂ ಒಂದು ಮಿತಿ ಇದೆ, ಅದಕ್ಕಿಂತ ದೊಡ್ಡ ಶಾರ್ಟ್ ಬಂದ್ರೆ ಫ್ಯೂಸ್ ಕಡಿಯದೆ ಒಳಗೇ ಕಿಡಿ ಹಿಡಿಯುತ್ತೆ. ಹಾಗಾಗಿ ಹೆಚ್ಚು ಕರೆಂಟ್ ಕಡಿಯಬಲ್ಲ ಫ್ಯೂಸ್ ಬೇಕು. ಇನ್ನೊಂದು, ಲೆಡ್ ಆಸಿಡ್ ಮೊದಲೇ ಮಂಕಾಗಿ ಹೇಳಿ ಸಾಯುತ್ತೆ. ಲಿಥಿಯಂ ಒಳಗಿನ ಬಿಎಂಎಸ್ ಹೇಳದೆ ಕೇಳದೆ ಕಟ್ ಮಾಡುತ್ತೆ. ದಡದಿಂದ ಹತ್ತು ಮೈಲಿ ಆಚೆ ನನಗೆ ಹೇಳಿ ಸಾಯೋದೇ ಇಷ್ಟ. ರೇಡಿಯೋಗೆ ಲೆಡ್ ಆಸಿಡ್ ಇಟ್ಟು, ವಿಂಚಿಗೆ ಮಾತ್ರ ಲಿಥಿಯಂ ಮಾಡಬಹುದೇನೋ, ಮುಂದಿನ ಜೂನ್‌ಗೆ ನೋಡ್ತೀನಿ.

ಪ್ರಶ್ನೆ: ನಮ್ಮ ಫ್ಲ್ಯಾಟಲ್ಲಿ ಇನ್ವರ್ಟರ್ ಹಾಲಲ್ಲಿದೆ, ಬ್ಯಾಟರಿ ವಾಸನೆ ಬರುತ್ತೆ ಅಂತ ಹೆಂಡತಿ ಅದನ್ನ ಬಾಲ್ಕನಿಗೆ ಹಾಕಿಸಿ ಅಂತಿದ್ದಾಳೆ. ಎಲೆಕ್ಟ್ರಿಷಿಯನ್ ಬ್ಯಾಟರಿ ವೈರನ್ನ ಎಂಟು ಮೀಟರ್ ಉದ್ದ ಮಾಡ್ತೀನಿ ಅಂದ.

ನಿಮ್ಮ ಮನೆಯವರು ಹೇಳಿದ್ದು ಸರಿ, ಎಲೆಕ್ಟ್ರಿಷಿಯನ್ ಹೇಳಿದ್ದು ಸರಿಯಲ್ಲ. 700 ವ್ಯಾಟ್ ಹೊರಗೆ ಬರಬೇಕಾದ್ರೆ 12 ವೋಲ್ಟ್ ಕಡೆಯಲ್ಲಿ 65ರಿಂದ 70 ಆಂಪ್ ಹರಿಯುತ್ತೆ. ಎಂಟು ಮೀಟರ್ ಅಂದ್ರೆ ಹೋಗಿ ಬಂದು ಹದಿನಾರು. ವಿಂಚಿನ ಕತೆಯೇ ಇದು. ಅದೇ 700 ವ್ಯಾಟ್ 230 ವೋಲ್ಟ್ ಕಡೆಯಲ್ಲಿ ಮೂರು ಆಂಪ್ ಚಿಲ್ಲರೆ ಮಾತ್ರ. ಬ್ಯಾಟರಿಯ ಜೊತೆ ಇನ್ವರ್ಟರನ್ನೂ ಬಾಲ್ಕನಿಗೆ, ಮಳೆ ಎರಚಲು ಬೀಳದ ಮೂಲೆಗೆ ಕಳಿಸಿ, ಉದ್ದ ಮಾಡೋದಾದ್ರೆ 230ರ ವೈರನ್ನ ಉದ್ದ ಮಾಡಿ. ಬ್ಯಾಟರಿ ಪಕ್ಕ ಒಂದು ಡಿಸಿ ಫ್ಯೂಸ್ ಕೇಳಿ, ಬೇಡ ಸಾರ್ ಅಂತಾನೆ, ಆದ್ರೂ ಹಾಕಿಸಿ. ಮತ್ತೆ ನಮ್ಮ ಕಡೆ ಹಳೇ ರೂಢಿಯಲ್ಲಿ ಮನೆಯ ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು. ಬ್ಯಾಟರಿ ಪ್ಲಸ್ಸೂ ಕೆಂಪು, ಮೈನಸ್ಸೂ ಕಪ್ಪು. ಬಾಲ್ಕನಿಯಲ್ಲಿ ನಾಲ್ಕೂ ಒಂದೇ ಕಡೆ ಸೇರ್ತವೆ. ಪ್ರತಿ ತುದಿಗೂ ಚೀಟಿ ಅಂಟಿಸಿ, ಎಷ್ಟು ವೋಲ್ಟ್ ಅಂತ ಪೆನ್ನಲ್ಲಿ ಬರೆದು.